ತೆನೆಯಿಲ್ಲದ ಕಾಡುಮೆಣಸಿಗೂ ಹೆಸರು ಸಿಕ್ಕಿತು

ತೆನೆ ಬಿಡದ ಕಾಡುಮೆಣಸಿನ ಬಳ್ಳಿಯನ್ನು ಡಿಎನ್‌ಎ ಓದಿಸಿ ಗುರುತಿಸುತ್ತೇನೆ ಅಂದಾಗ ಜೊತೆಯವರು ಒಪ್ಪಲಿಲ್ಲ. "ತೆನೆ ಬರುವ ತನಕ ಕಾಯಿರಿ, ಸುಮ್ನೆ ದುಡ್ಡು ಸುರಿಯಬೇಡಿ" ಅಂದರು. ಆದರೆ ಹೊಸನಗರ, ಸಾಗರದ ಸೊಪ್ಪಿನ ಬೆಟ್ಟಗಳಲ್ಲಿ ಎಷ್ಟೋ ಬಳ್ಳಿಗಳು ನೆಲದಲ್ಲೇ ಹರಡಿಕೊಂಡಿರುತ್ತವೆ. ನೆಲದಲ್ಲಿ ಹಬ್ಬುವಾಗಿನ ಎಲೆ ಒಂದು ತರ, ಮರ ಹತ್ತಿದ ಮೇಲೆ ಇನ್ನೊಂದು ತರ. ಬರೀ ಎಲೆ ನೋಡಿ ನೈಗ್ರಮ್ (ನಾವು ಬೆಳೆಯುವ ಕರಿಮೆಣಸಿನ ಜಾತಿ) ಅಂತ ಬರೆದುಬಿಡಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಆರ್‌ಬಿಸಿಎಲ್ ಅನ್ನೋ ಜೀನನ್ನು ಓದಿಸಿದೆ. ಜೆಲ್‌ನಲ್ಲಿ ಡಿಎನ್‌ಎ ಬ್ಯಾಂಡ್ (ಗೆರೆ) ಚೆನ್ನಾಗಿತ್ತು, ಓದಿನ ನಕ್ಷೆಯ ಪೀಕ್‌ಗಳೂ (ಅಕ್ಷರಕ್ಕೊಂದು ಏರು) ಸ್ವಚ್ಛ. ಪೈಪರ್ (ಮೆಣಸಿನ ಕುಲ) ಅಂತ ಹೇಳಿತು, ಯಾವ ಪೈಪರ್ ಅಂತ ಹೇಳಲಿಲ್ಲ. 2009ರಲ್ಲಿ ಸಸ್ಯಗಳ ಬಾರ್‌ಕೋಡ್ (ಜಾತಿ ಗುರುತಿಸುವ ಡಿಎನ್‌ಎ ತುಣುಕು) ಅಂತ ಸೂಚಿಸಿದ ಜೋಡಿ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ. ಕುಲ ತಿಳಿಯಲು ಸಾಕು, ಇಷ್ಟು ಹತ್ತಿರದ ನೆಂಟರನ್ನು ಬಿಡಿಸಲು ಸಾಲದು.

ಹಾಗಾಗಿ ಐಟಿಎಸ್‌ಗೆ, ಅಂದರೆ ಜಾತಿಯಿಂದ ಜಾತಿಗೆ ಹೆಚ್ಚು ಬದಲಾಗುವ ಡಿಎನ್‌ಎ ಭಾಗಕ್ಕೆ, ಕೈಹಾಕಿದೆ. ದುಡ್ಡು ಹೋಗಿದ್ದು ಇಲ್ಲೇ. ಎಲ್ಲರೂ ಬಳಸುವ ಐಟಿಎಸ್1, ಐಟಿಎಸ್4 ಪ್ರೈಮರ್ (ಓದಬೇಕಾದ ಭಾಗದ ತುದಿಗೆ ಕೂರುವ ಡಿಎನ್‌ಎ ಚೂರು) ಹಾಕಿದ್ದೆ. ಬ್ಲಾಸ್ಟ್ ಮಾಡಿದರೆ (ಜೀನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಸೀಕ್ವೆನ್ಸ್ ಸಂಗ್ರಹದ ಜೊತೆ ಹೋಲಿಸಿದರೆ) ಕೊಲೆಟೋಟ್ರೈಕಮ್! ಬಳ್ಳಿಯ ಬದಲು ಎಲೆಯೊಳಗಿನ ಶಿಲೀಂಧ್ರವನ್ನು ಓದಿಸಿದ ಹಾಗಾಯಿತು. ಎರಡೂ ಕಡೆಯಿಂದ ಓದಿಸಲು ಮಾದರಿಗೆ 700–800 ರೂಪಾಯಿ. ಮೊದಲ ಕಂತಿನಲ್ಲೇ ಹೆಚ್ಚುಕಡಿಮೆ 30 ಸಾವಿರ ಹೋಯಿತು. ಆಮೇಲೆ ಗಿಡಕ್ಕೇ ಕೂರುವ ಪ್ರೈಮರ್ ತರಿಸಿದೆ, ಕಲೆಯಿಲ್ಲದ ಎಳೆ ಎಲೆ ಮಾತ್ರ ಕೊಯ್ದೆ. ಪ್ಯಾಕ್ ಮಾಡುವ ಮೊದಲು ಎಲೆಯನ್ನು ಯಾವುದರಲ್ಲಿ ಒರೆಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲೆಯಿಂದ ಡಿಎನ್‌ಎ ತೆಗೆಯುವ ಸಿಟಿಎಬಿ ವಿಧಾನದಲ್ಲೂ ತೊಂದರೆ ಇತ್ತು. ಕೊನೆಗೆ ತಳದಲ್ಲಿ ಕೂರುವ ಡಿಎನ್‌ಎ ಉಂಡೆ (ಪೆಲೆಟ್) ಲೋಳೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಪಿಪೆಟ್ ಟಿಪ್‌ಗೆ ಅಂಟಿಕೊಂಡು ಬರುತ್ತಿತ್ತು. ಉಪ್ಪು ಜಾಸ್ತಿ ಮಾಡಿ, ಕಂದು ಮಾಡುವ ಫೀನಾಲ್ ಹಿಡಿಯುವ ಪಿವಿಪಿ ಸೇರಿಸಿ, ಡಿಎನ್‌ಎ ಪ್ರತಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿ ತಡೆಯುವ ಬಿಎಸ್‌ಎ ಪ್ರೋಟೀನ್ ಸ್ವಲ್ಪ ಹಾಕಿದ ಮೇಲೆ ದಾರಿಗೆ ಬಂತು. ನಡುವೆ ಇನ್ನೊಂದು ನೋಡಿದೆ: ತೇವ ಹೀರುವ ಸಿಲಿಕಾ ಜೆಲ್ ಹರಳಿನ ಖರ್ಚು ಉಳಿಸಲು ಅಡಿಕೆ ಒಣಗಿಸುವ ಅಟ್ಟದ ಮೇಲೆ, ಹೊಗೆಯಲ್ಲಿ ಎಲೆ ಒಣಗಿಸಿದೆ. ಡಿಎನ್‌ಎ ನೋಡುವ ಜೆಲ್‌ನಲ್ಲಿ ಬ್ಯಾಂಡ್ ಬದಲು ಬರೀ ಮಸುಕು, ಅಂದರೆ ಡಿಎನ್‌ಎ ಚೂರಾಗಿತ್ತು. ಮಳೆಗಾಲದಲ್ಲಿ ಸಿಲಿಕಾ ಒಂದೇ ದಾರಿ. ನೀಲಿ ಹರಳು ಗುಲಾಬಿಯಾದ ಕೂಡಲೇ ಬದಲಾಯಿಸಬೇಕು.

ಜೀನ್‌ಬ್ಯಾಂಕ್‌ನಲ್ಲಿರುವ ಹೆಸರುಗಳನ್ನು ಪೂರ್ತಿ ನಂಬಲು ಆಗೋದಿಲ್ಲ. ಅದಕ್ಕೇ ತೆನೆಯಿದ್ದ ಬಳ್ಳಿಗಳನ್ನು ಹುಡುಕಿ, ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆ ಮಾಡಿ, ಅವುಗಳ ಸೀಕ್ವೆನ್ಸನ್ನೇ ಹೋಲಿಕೆಗೆ ಇಟ್ಟುಕೊಂಡೆ. ಗೆಲಿಯೇಟಮ್, ಟ್ರೈಕೊಸ್ಟಾಕಿಯಾನ್, ಹೈಮೆನೊಫಿಲ್ಲಮ್, ನೈಗ್ರಮ್ ಈ ನಾಲ್ಕೂ ಮೆಣಸಿನ ಜಾತಿಗಳು ಬೇರೆ ಬೇರೆ ಗುಂಪಾಗಿ ನಿಂತವು. ನೈಗ್ರಮ್ ಅಂತ ಚೀಟಿ ಅಂಟಿಸಿದ್ದ ತೆನೆಯಿಲ್ಲದ ಬಳ್ಳಿಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಬೇರೆಯವೇ ಆಗಿದ್ದವು. ನಾನು ಗೆಲಿಯೇಟಮ್ ಅಂದಿದ್ದ ಬಳ್ಳಿಯೊಂದು ಆಮೇಲೆ ತೆನೆ ಬಿಟ್ಟಿತು. ಲೆನ್ಸ್ ಹಿಡಿದು ನೋಡಿ, ಬೇಡ ಅಂದವರೇ ಹಾಳೆಯ ಮೇಲೆ ಆ ಹೆಸರು ಬರೆದರು!

ಕೆಲವು ಬಳ್ಳಿಗಳಲ್ಲಿ ಇನ್ನೂ ಜೋಡಿ ಪೀಕ್ (ಒಂದೇ ಜಾಗದಲ್ಲಿ ಎರಡು ಅಕ್ಷರ) ಬರುತ್ತಿವೆ. ಅವನ್ನು ಕ್ಲೋನ್ ಮಾಡಿ, ಅಂದರೆ ಪ್ರತಿಗಳನ್ನು ಒಂದೊಂದಾಗಿ ಬಿಡಿಸಿಯೇ ಓದಿಸಬೇಕು, ಒಂದೊಂದಕ್ಕೆ 4–5 ಸಾವಿರ ಬೇಕು. ಮುಂದಿನ ಬೇಸಿಗೆಗೆ ಆ ದುಡ್ಡು ಎತ್ತಿಟ್ಟಿದ್ದೇನೆ.