ಡೀಸೆಲ್ ದರ ಏರಿದಾಗ ಓಡಾಟದ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಡೀಸೆಲ್ ದರ ಏರಿದ ಸುದ್ದಿ ಬಂದ ಮರುದಿನವೇ ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆ ಕ್ರೂಸರ್‌ಗಳಲ್ಲಿ ತಲೆಗೆ ಐದೋ ಹತ್ತೋ ರೂಪಾಯಿ ಹೆಚ್ಚು ಕೇಳುವುದುಂಟು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಕೂಲಿಕಾರರಿಗೆ ಅದು ಸಣ್ಣ ಮೊತ್ತವಲ್ಲ. ಕೇಳಿದಷ್ಟು ಕೊಡುವ ಮೊದಲು ಲೆಕ್ಕ ಹಾಕಬೇಕು.

ಮೊದಲಿಗೆ, ಲೀಟರಿಗೆ ಎಷ್ಟು ಏರಿದೆ ಎಂಬುದನ್ನು ಬಂಕಿನ ದರಫಲಕದಲ್ಲಿಯೇ ನೋಡಿ ಬರೆದುಕೊಳ್ಳಿ. ಕರ್ನಾಟಕದಲ್ಲಿ ಮಾರಾಟ ತೆರಿಗೆ ಹೆಚ್ಚಳದಿಂದಾಗಿ ಡೀಸೆಲ್ ದರ 2024ರ ಜೂನ್‌ನಲ್ಲಿ ಸುಮಾರು 3 ರೂಪಾಯಿ, 2025ರ ಏಪ್ರಿಲ್ 1ರಂದು ಸುಮಾರು 2 ರೂಪಾಯಿ ಏರಿತು. ಎರಡೂ ಸೇರಿದರೆ 5 ರೂಪಾಯಿ. ಈಗ ಹೊಲಕ್ಕೆ ಹೋಗಿ ಬರಲು 30 ಕಿ.ಮೀ. ಇದ್ದು, ಗಾಡಿ ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ, ಬೇಕಾಗುವ ಡೀಸೆಲ್ 2 ಲೀಟರ್, ಹೆಚ್ಚುವರಿ ಖರ್ಚು 10 ರೂಪಾಯಿ. ಗಾಡಿಯಲ್ಲಿ ಹತ್ತು ಜನರಿದ್ದರೆ ಒಬ್ಬರ ಪಾಲಿಗೆ ದಿನಕ್ಕೆ 1 ರೂಪಾಯಿ ಮಾತ್ರ ಬರುತ್ತದೆ. ಟೈರು, ವಿಮೆ, ರಿಪೇರಿಯ ಖರ್ಚೂ ಏರಿದೆ ಎಂದು ಚಾಲಕರು ಹೇಳಿದರೆ ಅದು ಸುಳ್ಳಲ್ಲ, ಅವರೂ ಸಂಸಾರ ಸಾಗಿಸಬೇಕಾದವರೇ. ಆದರೆ ಅದನ್ನು ಡೀಸೆಲ್ ಹೆಸರಿನಲ್ಲಿ ಸೇರಿಸದೆ ಬೇರೆಯಾಗಿಯೇ ಕೇಳಲಿ. ಈ ಮಾತನ್ನು ಒಬ್ಬೊಬ್ಬರಾಗಿ ಆಡುವುದಕ್ಕಿಂತ, ಸುಗ್ಗಿಯ ಆರಂಭದಲ್ಲಿ ಗುಂಪಿನವರೆಲ್ಲ ಸೇರಿ ಆಡಿ ದರ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಸರ್ಕಾರಿ ಬಸ್ಸಿನ ಲೆಕ್ಕ ಸುಲಭ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಓಡುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೂ ಸೇರಿದಂತೆ ನಾಲ್ಕು ನಿಗಮಗಳ ಟಿಕೆಟ್ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿತು. ಅಂದರೆ ಹಿಂದೆ 60 ರೂಪಾಯಿ ಇದ್ದ ಟಿಕೆಟ್ಟಿಗೆ ಸುಮಾರು 69 ರೂಪಾಯಿ. ದಿನವೂ ಓಡಾಡುವವರು ಮಾಸಿಕ ಪಾಸಿನ ದರವನ್ನು ನಿಲ್ದಾಣದಲ್ಲಿ ವಿಚಾರಿಸಿ, ಅದನ್ನು ಹೋಗಿಬರುವ ಟಿಕೆಟ್ ದರದಿಂದ ಭಾಗಿಸಬೇಕು. ಬರುವ ಸಂಖ್ಯೆಗಿಂತ ಹೆಚ್ಚು ದಿನ ಪ್ರಯಾಣವಿದ್ದರೆ ಮಾತ್ರ ಪಾಸು ಲಾಭ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಆದರೆ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ, ರಾಯಚೂರಿನಿಂದ ಮಂತ್ರಾಲಯಕ್ಕೋ ಬಳ್ಳಾರಿಯಿಂದ ಗುಂತಕಲ್ಲಿಗೋ ಹೋಗುವ ತಾಯಂದಿರು ಟಿಕೆಟ್ ಹಣವನ್ನು ಜೊತೆಗೇ ಇಟ್ಟುಕೊಂಡು ಹೊರಡಬೇಕು.

ಬೈಕಿನ ಖರ್ಚು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಆ ಹಣ ಬಂಕಿನಲ್ಲಿ ನೂರು, ಇನ್ನೂರಾಗಿ ಕರಗುತ್ತದೆ. ದಿನಕ್ಕೆ 60 ಕಿ.ಮೀ. ಓಡಾಡುವವರು, ಬೈಕು ಲೀಟರಿಗೆ 50 ಕಿ.ಮೀ. ಕೊಟ್ಟು ಪೆಟ್ರೋಲಿಗೆ 100 ರೂಪಾಯಿ ಇದೆಯೆಂದು ಹಿಡಿದರೂ, ದಿನಕ್ಕೆ 120 ರೂಪಾಯಿಯಂತೆ 25 ದಿನಕ್ಕೆ 3,000 ರೂಪಾಯಿ ಸುಡುತ್ತಾರೆ. ಆಯಿಲ್, ಟೈರಿನ ಖರ್ಚು ಇದರ ಮೇಲೆ.

ಕೊನೆಯದಾಗಿ ರೈಲನ್ನೂ ನೋಡಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳ ಒಂದೇ ಮಾರ್ಗದಲ್ಲಿವೆ. ಗಂಗಾವತಿ, ಕಾರಟಗಿ ಮೂಲಕ ಸಿಂಧನೂರಿಗೂ 2024ರಲ್ಲಿ ರೈಲು ಬಂದಿದೆ. ಅದರ ವೇಳೆ ನಿಮ್ಮ ಕೆಲಸದ ವೇಳೆಗೆ ಹೊಂದುವುದೇ ಎಂದು ಮೊದಲು ತಿಳಿದುಕೊಂಡು, ಹೊಂದಿದರೆ ಸೀಸನ್ ಟಿಕೆಟ್ಟಿನ ದರವನ್ನು ಬಸ್ ಪಾಸಿನ ಪಕ್ಕದಲ್ಲಿಯೇ ಬರೆದುಕೊಳ್ಳಿ.