48 ಮತದ ಕ್ಷೇತ್ರವನ್ನು ಬೂತ್ ಬೂತಾಗಿ ಓದಿದ್ದು

2024ರ ಜೂನ್ 4ರಂದು ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ ಶಿವಸೇನೆಯ ರವೀಂದ್ರ ವಾಯ್ಕರ್ ಬರೀ 48 ಮತಗಳಿಂದ ಗೆದ್ದರು. ಸೋತವರು ಉದ್ಧವ್ ಠಾಕ್ರೆ ಬಣದ ಅಮೋಲ್ ಕೀರ್ತಿಕರ್. ಗೋರೆಗಾಂವ್, ಅಂಧೇರಿ ಕಡೆಯ ನಮ್ಮ ಹೋಟೆಲಿನವರು, ಬ್ಯಾಂಕಿನವರು ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ತಮ್ಮ ಬಿಲ್ಡಿಂಗ್ ಯಾವ ಕ್ಷೇತ್ರದಲ್ಲಿದೆ ಎಂದು ಕೇಳಿದರೆ ಎಷ್ಟೋ ಜನ ತಡವರಿಸುತ್ತಿದ್ದರು. "ನಾವೂ ವಾಯವ್ಯದವರೇ ಅಲ್ವಾ ಮಾರಾಯ್ರೆ?" ಎಂದು ಮಲಾಡ್ ಪಶ್ಚಿಮದ ಪರಿಚಯದವರೊಬ್ಬರು ಕೇಳಿದರು. ಅಲ್ಲ. ಮಲಾಡ್ ಪಶ್ಚಿಮ ಇರುವುದು ಮುಂಬಯಿ ಉತ್ತರದಲ್ಲಿ. ರೈಲು ಹಳಿ ದಾಟಿ ಪೂರ್ವಕ್ಕೆ ಬಂದರೆ ದಿಂಡೋಶಿ, ಅದು ವಾಯವ್ಯ. ಒಂದೇ ಸ್ಟೇಶನ್, ಇಬ್ಬರು ಸಂಸದರು. ಇದನ್ನೆಲ್ಲ ಕನ್ನಡದಲ್ಲಿ ನಕ್ಷೆ ಮಾಡಿ ಇಡೋಣ ಅಂತ ಕೂತೆ.

ಕ್ಷೇತ್ರದಲ್ಲಿ ಆರು ವಿಧಾನಸಭಾ ಭಾಗಗಳಿವೆ: ಜೋಗೇಶ್ವರಿ ಪೂರ್ವ, ದಿಂಡೋಶಿ, ಗೋರೆಗಾಂವ್, ವರ್ಸೋವಾ, ಅಂಧೇರಿ ಪಶ್ಚಿಮ, ಅಂಧೇರಿ ಪೂರ್ವ. ಅಷ್ಟು ತಿಳಿದರೆ ಸಾಲದು. ಗಲ್ಲಿ ಮಟ್ಟಕ್ಕೆ ಇಳಿಯಲು ನನಗೆ ಹೆಚ್ಚು ನೆರವಾದದ್ದು ಮತದಾರರ ಪಟ್ಟಿ. ಪಟ್ಟಿಯಲ್ಲಿ ಪ್ರತಿ ಮತಗಟ್ಟೆಗೂ ಬೇರೆ ಭಾಗವಿದ್ದು, ಅದರ ಮೊದಲ ಪುಟದಲ್ಲಿ ಆ ಮತಗಟ್ಟೆಗೆ ಸೇರಿದ ಸೊಸೈಟಿ, ಚಾಳ್, ರಸ್ತೆಗಳ ಹೆಸರು, ಮತಗಟ್ಟೆಯ ವಿಳಾಸ ಇರುತ್ತದೆ. ಒಂದೊಂದೇ ಪುಟ ನೋಡುತ್ತಾ ನಕ್ಷೆಯ ಮೇಲೆ ಬಣ್ಣ ಹಾಕಿದೆ. ಎರಡು ಬಣ್ಣ ಎಲ್ಲಿ ಕೂಡುತ್ತದೋ ಅದೇ ಗಡಿ. ಪಾಲಿಕೆಯ 227 ವಾರ್ಡುಗಳ ನಕ್ಷೆ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ನಂಬಿ ಲೋಕಸಭಾ ಗಡಿ ಎಳೆಯಬಾರದು. ಆ ಗೆರೆಗಳ ಲೆಕ್ಕವೇ ಬೇರೆ.

ಆಮೇಲೆ ಫಾರ್ಮ್ 20, ಅಂದರೆ ಚುನಾವಣಾಧಿಕಾರಿ ಕೊಡುವ ಅಂತಿಮ ಫಲಿತಾಂಶದ ಪಟ್ಟಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ, ನೋಟಾ ಎಷ್ಟು ಎಂದು ಸಾಲು ಸಾಲಾಗಿ ಅದರಲ್ಲಿ ಇರುತ್ತದೆ. ನಾನು ಸಾಲುಗಳನ್ನು ಎಕ್ಸೆಲ್‌ಗೆ ಇಳಿಸಿ ಪುಟದ ಕೆಳಗಿನ ಮೊತ್ತಕ್ಕೆ ತಾಳೆ ನೋಡಿಯೇ ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಈ ಕ್ಷೇತ್ರದ ಒಟ್ಟು ಲೆಕ್ಕವನ್ನು ಎಲ್ಲರೂ ಒಮ್ಮೆ ಕೈಯಾರೆ ಕೂಡಿ ನೋಡಬೇಕು. ಇವಿಎಂನಲ್ಲಿ ಕೀರ್ತಿಕರ್ ಅವರಿಗೆ 4,51,095, ವಾಯ್ಕರ್ ಅವರಿಗೆ 4,51,094. ಅಂದರೆ ಯಂತ್ರದ ಲೆಕ್ಕದಲ್ಲಿ ಕೀರ್ತಿಕರ್ ಒಂದು ಮತ ಮುಂದೆ! ಅಂಚೆ ಮತಗಳಲ್ಲಿ ವಾಯ್ಕರ್‌ಗೆ 1,550, ಕೀರ್ತಿಕರ್‌ಗೆ 1,501. ಅಲ್ಲಿ 49ರ ಮುನ್ನಡೆ. ಇಲ್ಲಿಯ ಒಂದನ್ನು ಕಳೆದರೆ ಉಳಿಯುವುದು 48. ಒಂಬತ್ತು ಲಕ್ಷ ಮತಗಳನ್ನು ಇಬ್ಬರೇ ಹಂಚಿಕೊಂಡ ಚುನಾವಣೆ ತೀರ್ಮಾನವಾದದ್ದು ಅಂಚೆ ಲಕೋಟೆಗಳಲ್ಲಿ. "ನನ್ನೊಬ್ಬನ ಓಟಿನಿಂದ ಏನಾಗುತ್ತೆ" ಅನ್ನುವವರ ಮುಂದೆ ಈಗ ನಾನು ಸುಮ್ನೆ ಈ ನಾಲ್ಕು ಸಂಖ್ಯೆ ಬರೆದು ಇಡುತ್ತೇನೆ.

ಹಳೆಯ ಫಲಿತಾಂಶ ಸೇರಿಸುವಾಗ ಜಾಸ್ತಿ ಎಚ್ಚರ ಬೇಕು. ಹೆಸರು ಅದೇ ಇದ್ದರೂ ಕ್ಷೇತ್ರ ಅದೇ ಅಲ್ಲ. ಸುನೀಲ್ ದತ್ ಐದು ಸಲ ಗೆದ್ದ ವಾಯವ್ಯ 2008ರ ಪುನರ್ವಿಂಗಡಣೆಗೆ ಮೊದಲಿನದು. 2005ರ ಉಪಚುನಾವಣೆಯಲ್ಲಿ ಅಲ್ಲಿಂದಲೇ ಗೆದ್ದಿದ್ದ ಮಗಳು ಪ್ರಿಯಾ ದತ್ 2009ರಲ್ಲಿ ಗೆದ್ದದ್ದು ಮುಂಬಯಿ ಉತ್ತರ ಮಧ್ಯದಿಂದ. ಹಾಗಾಗಿ ನನ್ನ ಪಟ್ಟಿಯಲ್ಲಿ 2009ರ ಮೇಲೆ ದಪ್ಪ ಗೆರೆ ಹಾಕಿದ್ದೇನೆ. ಅದರ ಕೆಳಗಿನದ್ದನ್ನು ಮಾತ್ರ ಹೋಲಿಸುತ್ತೇನೆ: 2009ರಲ್ಲಿ ಗುರುದಾಸ್ ಕಾಮತ್, 2014 ಮತ್ತು 2019ರಲ್ಲಿ ಗಜಾನನ ಕೀರ್ತಿಕರ್. ಅಮೋಲ್ ಇವರ ಮಗ. 2019ರಲ್ಲಿ ಅಪ್ಪನ ಅಂತರ 2,60,328. ಶಿವಸೇನೆ ಎರಡಾದ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆಯಲ್ಲಿ ಮಗ 48ರಿಂದ ಸೋತರು. ಬೂತ್ ನಂಬರು ಹಿಡಿದು ಹೋಲಿಸಲು ಮಾತ್ರ ಹೋಗಬೇಡಿ. ಮತಗಟ್ಟೆಗಳನ್ನು ಆಗಾಗ ಕೂಡಿಸಿ, ಒಡೆದು ನಂಬರು ಬದಲಿಸುತ್ತಾರೆ. ಸೊಸೈಟಿಗಳ ಹೆಸರು ಹಿಡಿದರೆ ಲೆಕ್ಕ ಸರಿಹೋಗುತ್ತದೆ.

ಈಗ 2024ರ ನವೆಂಬರಿನ ವಿಧಾನಸಭಾ ಚುನಾವಣೆಯನ್ನು ಇದೇ ನಕ್ಷೆಗೆ ಕೂಡಿಸುತ್ತಿದ್ದೇನೆ. ವಾಯ್ಕರ್ ಶಾಸಕರಾಗಿದ್ದ ಜೋಗೇಶ್ವರಿ ಪೂರ್ವದಲ್ಲಿ ಅವರ ಪತ್ನಿ ಮನೀಷಾ 1,541 ಮತಗಳಿಂದ ಸೋತರು. ವರ್ಸೋವಾದಲ್ಲಿ ಗೆಲುವಿನ ಅಂತರ 1,600. ಮೊದಲು ಈ ಎರಡು ಭಾಗಗಳ ಮತಗಟ್ಟೆಗಳನ್ನೇ ಮುಗಿಸುತ್ತೇನೆ.