ಸ್ಟ್ರಿಪ್ ಹಳದಿಯಾಗಿಯೇ ಇತ್ತು

ಬದಿಯಡ್ಕದ ಸಣ್ಣ ಲ್ಯಾಬೊಂದರಲ್ಲಿ ರಕ್ತ, ಮೂತ್ರ ನೋಡುವುದು ನನ್ನ ಕೆಲಸ. ಶುಗರ್‌ನಿಂದ ಕಿಡ್ನಿಗೆ ಪೆಟ್ಟಾದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ; ಅದಕ್ಕೇ ಶುಗರ್ ಇದ್ದವರ ಮೂತ್ರಕ್ಕೆ ಸ್ಟ್ರಿಪ್ ಅದ್ದಿ, ಹಳದಿ ಚೌಕ ಹಸಿರಿಗೆ ತಿರುಗದಿದ್ದರೆ ‘ಪ್ರೋಟೀನ್ ಇಲ್ಲ’ ಎಂದು ಬರೆದುಕೊಡುತ್ತಿದ್ದೆ. ಅವರಿಗೂ ಸಮಾಧಾನ, ನನಗೂ.

ಅಡಿಕೆ ಕೃಷಿಕರೊಬ್ಬರಿಗೆ ಮೂರು ವರ್ಷ ಹೀಗೇ ಬರೆದುಕೊಟ್ಟೆ. ನಾಲ್ಕನೆಯ ವರ್ಷ ಅವರ ಡಾಕ್ಟರು ಎಸಿಆರ್, ಅಂದರೆ ಮೂತ್ರದಲ್ಲಿ ಅಲ್ಬುಮಿನ್ (ಹಾಗೆ ಸೋರುವ ಮುಖ್ಯ ಪ್ರೋಟೀನ್) ಮತ್ತು ಕ್ರಿಯಾಟಿನಿನ್‌ನ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಶ್ಮಲ) ಅನುಪಾತ, ನೋಡಲು ಹೇಳಿದರು. ಲೀಟರಿಗೆ ಅಲ್ಬುಮಿನ್ 66 ಮಿಲಿಗ್ರಾಂ, ಕ್ರಿಯಾಟಿನಿನ್ 0.6 ಗ್ರಾಂ. ಭಾಗಿಸಿದರೆ 110. ಅದು 30ರ ಒಳಗಿರಬೇಕು. ಅದೇ ಬಾಟಲಿಗೆ ಸ್ಟ್ರಿಪ್ ಅದ್ದಿದೆ: ಅಚ್ಚ ಹಳದಿ.

“ಎಂತದೂ ಇಲ್ಲೆ ಹೇಳಿ ನೀನೇ ಬರದು ಕೊಟ್ಟದಲ್ಲದಾ?” ಎಂದು ಅವರು ಕೇಳಿದಾಗ ನನ್ನ ಬಾಯಿ ಕಟ್ಟಿತು.

ಅಷ್ಟು ಸ್ವಲ್ಪ ಅಲ್ಬುಮಿನ್ ಸ್ಟ್ರಿಪ್ಪಿಗೆ ಸಿಗುವುದೇ ಇಲ್ಲ. ತುಂಬ ನೀರು ಕುಡಿದು ಬಂದವರದ್ದಂತೂ ಇನ್ನೂ ತೆಳ್ಳಗೆ; ಕ್ರಿಯಾಟಿನಿನ್‌ನಿಂದ ಭಾಗಿಸುವುದು ಆ ವ್ಯತ್ಯಾಸ ಸರಿದೂಗಲಿ ಎಂದೇ. ರಕ್ತದಲ್ಲಿ ಕ್ರಿಯಾಟಿನಿನ್ ಏರಲಿ, ಆಮೇಲೆ ನೋಡೋಣ ಎಂದರೆ ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗಿರಬಹುದು. ಟೈಪ್ 2 ಶುಗರ್ ಇದ್ದವರಿಗೆ ಕಾಯಿಲೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಎಸಿಆರ್ ಬೇಕು, ರಕ್ತದ ಪರೀಕ್ಷೆಯೂ ಜೊತೆಗಿರಬೇಕು. ಅಲ್ಬುಮಿನ್ ಸೋರದೆಯೇ ಕಿಡ್ನಿ ಕುಗ್ಗುವವರೂ ಇದ್ದಾರೆ. ಎನ್‌ಗ್ಯಾಲ್, ಕಿಮ್-1 ಮುಂತಾದ, ಕಿಡ್ನಿಯ ಪೆಟ್ಟನ್ನು ತೋರಿಸುವ ಹೊಸ ಗುರುತುಗಳ ಮೇಲೆ ಸಂಶೋಧನೆ ನಡೆದಿದೆ; ನಮ್ಮಂಥ ಊರಿನ ಲ್ಯಾಬಿಗೆ ಈಗ ಎಸಿಆರ್ ಒಂದನ್ನು ಸರಿಯಾಗಿ ಮಾಡುವುದೇ ಮುಖ್ಯ ಎಂದು ನನ್ನ ಅಭಿಪ್ರಾಯ.

ಒಂದೇ ಸಲ ಹೆಚ್ಚು ಬಂದರೆ ಹೆದರಿಸಬಾರದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಮೈಮುರಿ ಕೆಲಸ, ಇವುಗಳಿಂದಲೂ ಏರುತ್ತದೆ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ಲೆಕ್ಕ. ಅವರದ್ದು ಮತ್ತೆ 96 ಬಂತು. ಡಾಕ್ಟರು ಬಿಪಿ ಮಾತ್ರೆ ಬದಲಿಸಿ, ಶುಗರಿನ ಜೊತೆ ಕಿಡ್ನಿಯನ್ನೂ ಕಾಯುವ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಆರು ತಿಂಗಳಾದ ಮೇಲೆ 58.

ಈಗ ಬಾಟಲಿಯನ್ನು ಹಿಂದಿನ ದಿನವೇ ಕೊಡುತ್ತೇನೆ, ಬೆಳಗ್ಗಿನ ಮೊದಲ ಮೂತ್ರವೇ ತರಲಿ ಎಂದು. ತಂದ ಮೇಲೆ ಮುಚ್ಚಳ ತೆಗೆಯುವ ಮುಂಚೆ ಕೇಳುತ್ತೇನೆ: “ನಿನ್ನೆ ತೋಟದಲ್ಲಿ ಅಡಿಕೆ ಹೊತ್ತಿದ್ದೀರಾ ಮಾವ?” ಹೌದೆಂದರೆ, ಎರಡು ದಿನ ಬಿಟ್ಟು ಬನ್ನಿ ಎಂದು ಹೊಸ ಬಾಟಲಿ ಕೊಟ್ಟು ಕಳಿಸುತ್ತೇನೆ.